ಕಟ್ಟಲು 3 ವರ್ಷ ಹಿಡಿಯುವ ಕಟ್ಟಡಕ್ಕೆ ಬೆಲೆ ಏರಿಕೆ ಎಷ್ಟು ಹಿಡಿಯಬೇಕು?

ಪ್ರಶ್ನೆ:
ತುಮಕೂರಿನ ಹತ್ತಿರ ನಮ್ಮ ಟ್ರಸ್ಟ್ ಶಾಲೆಗೆ ಹೊಸ ಕಟ್ಟಡ ಬರುತ್ತಿದೆ. ಇವತ್ತಿನ ರೇಟಿನಲ್ಲಿ ಎಸ್ಟಿಮೇಟ್ 2 ಕೋಟಿ. ಲೆಕ್ಕಪತ್ರ ನೋಡುವವಳು ನಾನು. ಕಮಿಟಿಯವರು "ಸುಮ್ನೆ ವರ್ಷಕ್ಕೆ 10% ಹಾಕಮ್ಮ" ಅನ್ನುತ್ತಾರೆ. ಆ 10 ಎಲ್ಲಿಂದ ಬಂತು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ದಾನಿಗಳ ಮುಂದೆ ಏನು ತೋರಿಸಲಿ?

ಉತ್ತರ 1:
ಮೇಡಂ, ಎಲ್ಲದಕ್ಕೂ ಒಂದೇ ದರ ಬೇಡ. ಸಿಮೆಂಟ್, ಕಬ್ಬಿಣ, ಕೂಲಿ ಬೇರೆ ಬೇರೆ ಮಾಡಿ. ಕೇಂದ್ರದ ಆರ್ಥಿಕ ಸಲಹೆಗಾರರ ಕಚೇರಿ ಪ್ರತಿ ತಿಂಗಳು ಸಗಟು ಬೆಲೆ ಸೂಚ್ಯಂಕ (ಸಗಟು ಬೆಲೆ ಎಷ್ಟು ಏರಿಳಿಯಿತು ಎಂದು ತೋರಿಸುವ ಅಂಕಿ) ಕೊಡುತ್ತದೆ. ಸಿಮೆಂಟಿಗೂ ಉಕ್ಕಿಗೂ ಅದರಲ್ಲಿ ಬೇರೆ ಸಾಲುಗಳಿವೆ. ಹತ್ತು ವರ್ಷದ್ದು ನೋಡಿ. 2021ರಲ್ಲಿ ಕಬ್ಬಿಣ ಹೇಗೆ ಹಾರಿತು, ನೆನಪಿದೆ ಅಲ್ವಾ? ಅದೊಂದೇ ವರ್ಷ ಹಿಡಿದರೆ ಲೆಕ್ಕ ಕೆಡುತ್ತದೆ. ಕೂಲಿಗೆ, ರಾಜ್ಯದ ಕನಿಷ್ಠ ವೇತನದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆ ನೋಡಿ.

ಉತ್ತರ 2:
ಇನ್ನೊಂದು. ದುಡ್ಡೆಲ್ಲ ಕೊನೇ ದಿನ ಖರ್ಚಾಗುವುದಿಲ್ಲ. ಏರಿಕೆ ವರ್ಷಕ್ಕೆ ಸರಾಸರಿ 6% ಬಂತು ಅಂತಿಟ್ಟುಕೊಳ್ಳಿ. ಪೂರ್ತಿ 3 ವರ್ಷಕ್ಕೆ ಏರಿಸಿದರೆ 38 ಲಕ್ಷ ಜಾಸ್ತಿ. ಖರ್ಚಿನ ನಡುಘಟ್ಟಕ್ಕೆ, ಅಂದರೆ ಒಂದೂವರೆ ವರ್ಷಕ್ಕೆ ಏರಿಸಿದರೆ ಸುಮಾರು 18 ಲಕ್ಷ.

ಪ್ರಶ್ನೆ ಕೇಳಿದವರು:
ಅಬ್ಬಾ, 20 ಲಕ್ಷದ ವ್ಯತ್ಯಾಸ! ಎಂ-ಸ್ಯಾಂಡಿಗೆ (ಕಲ್ಲು ಪುಡಿ ಮಾಡಿದ ಮರಳಿಗೆ) ಏನು ಮಾಡಲಿ?

ಉತ್ತರ 1:
ಅದು ಊರಿಂದ ಊರಿಗೆ ಬೇರೆ. ಹತ್ತಿರದ ಎರಡು ಕ್ರಷರ್‌ಗಳಲ್ಲಿ ಹಳೇ ಬಿಲ್ ಕೇಳಿ. ಲಾರಿ ಬಾಡಿಗೆ ಬೇರೆ ಬರೆದುಕೊಳ್ಳಿ.