ಗಿರಣಿಯಲ್ಲಿ ಬೀಸಿದ ಮುಸುಕಿನ ಜೋಳದ ಹಿಟ್ಟಿನಿಂದ ತಮಾಲೆ ಮಾಡಬಹುದೇ?

ಪ್ರಶ್ನೆ (ಗೌರಿಬಿದನೂರು)
ಮೆಕ್ಸಿಕೋದಲ್ಲಿ ಜನವರಿ 6ರಂದು ಹಂಚುವ ಸಿಹಿ ಬ್ರೆಡ್ಡಿನೊಳಗೆ ಅಡಗಿಸಿದ ಪುಟ್ಟ ಬೊಂಬೆ ಯಾರ ಪಾಲಿಗೆ ಬರುತ್ತದೆಯೋ ಅವರು ಫೆಬ್ರುವರಿ 2ರ ಕ್ಯಾಂಡೆಲೇರಿಯಾ ಹಬ್ಬಕ್ಕೆ ಉಳಿದವರಿಗೆ ತಮಾಲೆ (ಮುಸುಕಿನ ಜೋಳದ ಹಿಟ್ಟಿನೊಳಗೆ ಹೂರಣವಿಟ್ಟು, ತೆನೆಯ ಸಿಪ್ಪೆಯಲ್ಲೋ ಎಲೆಯಲ್ಲೋ ಕಟ್ಟಿ ಹಬೆಯಲ್ಲಿ ಬೇಯಿಸುವ ಕಡುಬಿನಂಥ ತಿನಿಸು) ಉಣಬಡಿಸಬೇಕೆಂಬ ವಾಡಿಕೆಯಿದೆ. ಅದನ್ನು ನಮ್ಮ ಮನೆಯಲ್ಲೂ ಮಾಡಿ ನೋಡುವ ಆಸೆಯಿದೆ. ಹೊಲದ ಮುಸುಕಿನ ಜೋಳವನ್ನು ಗಿರಣಿಯಲ್ಲಿ ಬೀಸಿಸಿದರೆ ಸಾಕೇ? ಮನೆಯವರು ಸಸ್ಯಾಹಾರಿಗಳಾದ್ದರಿಂದ ಹಂದಿಕೊಬ್ಬಿನ ಬದಲು ಏನು ಹಾಕಬಹುದು?

ಉತ್ತರ (ಚಿಂತಾಮಣಿ)
ಸಾಲದು. ಒಣಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸದೆ ಬೀಸಿದ ಹಿಟ್ಟು ಕಲಸಿದಾಗ ಒಂದುಗೂಡುವುದಿಲ್ಲ. ಒಂದು ಕಿಲೋ ಕಾಳಿಗೆ ಸುಮಾರು 10 ಗ್ರಾಂ ಆಹಾರಯೋಗ್ಯ ಸುಣ್ಣದ ಪುಡಿಯನ್ನು (ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ) ನೀರಿಗೆ ಬೆರೆಸಿ, ಸ್ಟೀಲ್ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಬಿಡುವಂತೆ ಉಜ್ಜಿ ತೊಳೆದು, ಗ್ರೈಂಡರಿನಲ್ಲಿ ಗಟ್ಟಿಯಾಗಿ ರುಬ್ಬಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವುದೂ ಈ ಸಂಸ್ಕಾರದಿಂದಲೇ. ಜೋಳವನ್ನು ಮಾತ್ರ ಒಯ್ದು ಈ ಕ್ರಮವನ್ನು ಬಿಟ್ಟುಬಂದ ಯೂರೋಪಿನಲ್ಲಿ, ಮುಖ್ಯವಾಗಿ ಉತ್ತರ ಇಟಲಿಯಲ್ಲಿ, ಅದನ್ನೇ ನಂಬಿಕೊಂಡ ಬಡವರನ್ನು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಬಹುಕಾಲ ಕಾಡಿತು.

ಉತ್ತರ (ತುಮಕೂರು)
ಕೊಬ್ಬಿನ ವಿಷಯದಲ್ಲಿ ತಾವು ಸಂಕೋಚಪಡಬೇಕಿಲ್ಲ. ಹಂದಿಯನ್ನು ಅಲ್ಲಿಗೆ ತಂದವರು 16ನೆಯ ಶತಮಾನದ ಸ್ಪೇನಿನವರು. ತಮಾಲೆ ಅದಕ್ಕಿಂತ ಬಹಳ ಹಳೆಯದು. ತುಪ್ಪವನ್ನು ನೊರೆಯಾಗುವಷ್ಟು ಕಡೆದು ಹಿಟ್ಟಿಗೆ ಸೇರಿಸಿ, ಚಿಟಿಕೆ ಹಿಟ್ಟನ್ನು ನೀರಿಗೆ ಹಾಕಿದಾಗ ತೇಲುವವರೆಗೂ ನಾದಿರಿ. ತೆನೆಯ ಒಣ ಸಿಪ್ಪೆ ಸಿಗದಿದ್ದರೆ ಬಾಳೆಯೆಲೆ ಧಾರಾಳವಾಗಿ ಸಾಕು, ಯುಕಟಾನ್ ಮತ್ತು ವಹಾಕಾ ಪ್ರಾಂತ್ಯಗಳಲ್ಲಿ ಅದರಲ್ಲಿಯೇ ಕಟ್ಟುತ್ತಾರೆ. ಒಳಗೆ ಸುಟ್ಟು ಸಿಪ್ಪೆ ತೆಗೆದ ಬಜ್ಜಿ ಮೆಣಸಿನಕಾಯಿಯ ಸೀಳುಗಳನ್ನೂ ಚೀಸನ್ನೂ ಇಡಬಹುದು. ಅಲ್ಲಿಯೂ ಮೆಣಸಿನಕಾಯಿ, ಚೀಸಿನ ಹೂರಣವುಂಟು.

ಉತ್ತರ (ಕೋಲಾರ)
ತುಪ್ಪವನ್ನು ನಾನು ಒಪ್ಪಲಾರೆ, ಅದರ ಘಮವು ಜೋಳದ ಘಮವನ್ನು ಮುಚ್ಚಿಬಿಡುತ್ತದೆ. ವಾಸನೆಯಿಲ್ಲದ ಎಣ್ಣೆಯೇ ಮೇಲು. ಜೊತೆಗೆ ಮೆಕ್ಸಿಕೋದ ಪ್ವೆಬ್ಲಾ ಪ್ರಾಂತ್ಯದ ಮೋಲೆ ಎಂಬ ಗಟ್ಟಿ ಮೆಣಸಿನಕಾಯಿ ಸಾರನ್ನೂ ಮಾಡುವುದಾದರೆ, ಅಲ್ಲಿಯ ಒಣಮೆಣಸಿನಕಾಯಿಗಳಿಗೆ ಬದಲಾಗಿ ಖಾರ ಕಡಿಮೆಯಿರುವ ಬ್ಯಾಡಗಿಯನ್ನು ಬಳಸಿರಿ, ಹೊಗೆಗಂಪು ಮತ್ತು ಒಣದ್ರಾಕ್ಷಿಯಂಥ ಸಿಹಿ ಮಾತ್ರ ಬರಲಾರದು. ಅದಕ್ಕೆ ಹಾಕುವ ಚಾಕೊಲೇಟು, ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದವು. ಎಳ್ಳು, ಚಕ್ಕೆ, ಲವಂಗ ಸ್ಪೇನಿನವರ ಆಳ್ವಿಕೆಯಲ್ಲಿ ಹೊರಗಿನಿಂದ ಬಂದವು, ಇವುಗಳಿಗಾಗಿ ತಾವು ಮನೆಯ ಮಸಾಲೆ ಡಬ್ಬಿಯಾಚೆ ಹುಡುಕಬೇಕಾಗಿಲ್ಲ. ಚಾಕೊಲೇಟು ಕಹಿಯದಾಗಿರಲಿ, ಸ್ವಲ್ಪವೇ ಇರಲಿ.