ಲೆಂಟ್‌ನಲ್ಲಿ ಕರ್ತನ ಭೋಜನ ತೆಗೆದುಕೊಂಡರೆ ಉಪವಾಸ ಮುರಿಯುತ್ತದಾ?

ಪ್ರಶ್ನೆ: ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದು ಶುರುವಾಗುವ ಬೂದಿ ಬುಧವಾರದಿಂದ ಉಪವಾಸ ಮಾಡುತ್ತಿದ್ದೇನೆ. ಈ ಭಾನುವಾರ ಆರಾಧನೆಯಲ್ಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು) ಇದೆ. ತೆಗೆದುಕೊಳ್ಳಬಹುದಾ? ಇನ್ನೊಂದು ವಿಷಯ, ಒಬ್ಬರ ಮೇಲಿನ ಕೋಪ ಇನ್ನೂ ಹೋಗಿಲ್ಲ, ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಪಾತ್ರೆ ಮುಟ್ಟಲು ಭಯವಾಗುತ್ತದೆ.

ಉತ್ತರ 1: ಖಂಡಿತ ತೆಗೆದುಕೊಳ್ಳಿ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ, 6 ಭಾನುವಾರ ಬಿಟ್ಟರೆ 40 ಅಲ್ವಾ? ಭಾನುವಾರ ಯೇಸು ಎದ್ದು ಬಂದ ದಿನ, ಅದಕ್ಕೇ ಅದನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಉತ್ತರ 2: ಆರ್ಥೊಡಾಕ್ಸ್ ಸಭೆಗಳ ಲೆಕ್ಕ ಬೇರೆ, ಅವರ ಲೆಂಟ್ ಸೋಮವಾರವೇ ಶುರು. ಕಥೋಲಿಕರಲ್ಲಿ ಶುಭ ಶುಕ್ರವಾರ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಪವಿತ್ರಗೊಳಿಸುವ ಪೂಜೆ) ಇಲ್ಲ, ಹಿಂದಿನ ದಿನ ಪವಿತ್ರಗೊಳಿಸಿಟ್ಟ ರೊಟ್ಟಿಯನ್ನೇ ಕೊಡುತ್ತಾರೆ. ನನಗೆ ವರ್ಷದಲ್ಲಿ ಜಾಸ್ತಿ ಮನಸ್ಸು ಮುಟ್ಟುವ ಆರಾಧನೆ ಅದೇ.

ಉತ್ತರ 3: ನಿಮ್ಮ ಎರಡನೇ ಮಾತೇ ದೊಡ್ಡದು. ಬೈಬಲಿನ 1 ಕೊರಿಂಥ 11:28ರಲ್ಲಿ ಅಪೊಸ್ತಲ ಪೌಲ ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಲಿ, ಆಮೇಲೆ ತಿನ್ನಲಿ ಅನ್ನುತ್ತಾನೆ. ದೂರ ನಿಲ್ಲಿ ಅನ್ನುವುದಿಲ್ಲ. ಮತ್ತಾಯ 5:24 ಕೂಡ ಓದಿ, ಮೊದಲು ಹೋಗಿ ರಾಜಿಯಾಗು ಅಂತಿದೆ. ಭಾನುವಾರಕ್ಕೆ ಮುಂಚೆ ಅವರಿಗೆ ಒಂದು ಫೋನ್ ಮಾಡಿ.

ಪ್ರಶ್ನೆ ಕೇಳಿದವರು: ಇವತ್ತು ಸಂಜೆಯೇ ಮಾಡುತ್ತೇನೆ. ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ.