ಕರೆಂಟು ಬಂದರೂ ನ್ಯಾಸ್ ಏಳುತ್ತಿಲ್ಲ, ಡಿಸ್ಕ್ ಮುಟ್ಟಿದರೆ ಸುಡುತ್ತಿದೆ (ರಾಯಚೂರು)

ಮದುವೆ_ಫೋಟೋ_ರಾಯಚೂರು
ಅರ್ಜೆಂಟ್ ಇದೆ, ಯಾರಾದರೂ ದಾರಿ ತೋರಿಸಿ. ನಮ್ಮದು ಸ್ಟುಡಿಯೋ. ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಡಬ್ಬಿ), ಮೂರು ವರ್ಷದ ಮದುವೆಗಳೆಲ್ಲ ಅದರಲ್ಲೇ ಇವೆ. ನಿನ್ನೆ ಮಧ್ಯಾಹ್ನ ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಆಮೇಲೆ ಡಬ್ಬಿ ಏಳುತ್ತಲೇ ಇಲ್ಲ. ನೀಲಿ ಲೈಟು ಹತ್ತುತ್ತದೆ, ಡಿಸ್ಕ್ ಗುಂಯ್ ಅಂತ ತಿರುಗಲು ಶುರು ಮಾಡುತ್ತದೆ, ಟಕ್ ಅಂದು ಎಲ್ಲ ಆರುತ್ತದೆ. ಮತ್ತೆ ಅದೇ. ಇಪ್ಪತ್ತು ಸಲ ನೋಡಿದೆ. ಭಾನುವಾರ ಆಲ್ಬಂ ಕೊಡಬೇಕು.

ಗಂಗಾವತಿ_ಸಿಸ್ಟಮ್ಸ್
ವೋಲ್ಟೇಜ್ ಸರ್, ನೂರಕ್ಕೆ ನೂರು. ನಮ್ಮ ಕಡೆ ರಾತ್ರಿ ರೈಸ್ ಮಿಲ್ ನಿಂತರೆ ಏರುತ್ತದೆ, ಹಗಲು ಇಳಿಯುತ್ತದೆ. ಸ್ಟೆಬಿಲೈಜರ್ ಹಾಕಿ.

ಸಂಡೂರು_ಗುಡ್ಡ
ಅಣ್ಣಾ, ಮೊದಲು ಆನ್ ಮಾಡುವುದು ನಿಲ್ಲಿಸಿ. ಅರ್ಧ ತಿರುಗಿ ನಿಲ್ಲುವುದು ಡಿಸ್ಕಿಗೆ ಒಳ್ಳೆಯದಲ್ಲ. ಡಬ್ಬಿ ಎಲ್ಲಿಟ್ಟಿದ್ದೀರಿ? ಅಡಾಪ್ಟರ್ ಅದರದ್ದೇನಾ?

ಮದುವೆ_ಫೋಟೋ_ರಾಯಚೂರು
ಸಾಕೆಟ್ಟಿನಲ್ಲಿ 228 ವೋಲ್ಟ್ ಇದೆ. ಅಡಾಪ್ಟರ್ ಮೀಟರ್ ಹಿಡಿದು ನೋಡಿದೆ, 12.1. ಅದು ಸರಿ ಇದೆ. ಬೋರ್ಡ್ ಹೋಗಿರಬೇಕು.

ಗಂಗಾವತಿ_ಸಿಸ್ಟಮ್ಸ್
ಈಗ 228, ನಿನ್ನೆ ಎಷ್ಟಿತ್ತು? ಸ್ಟೆಬಿಲೈಜರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಹಂಪಿ_ರೋಡ್
ಡಿಸ್ಕನ್ನು ಕವರಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ನಮ್ಮದು ಹಾಗೇ ಎದ್ದಿತ್ತು.

ಸಂಡೂರು_ಗುಡ್ಡ
ದಯವಿಟ್ಟು ಬೇಡ. ಫ್ರಿಜ್ಜಿನಿಂದ 42 ಡಿಗ್ರಿ ಸೆಕೆಗೆ ತೆಗೆದರೆ ಬೋರ್ಡಿನ ಮೇಲೆ ನೀರು ಬೆವರುತ್ತದೆ. ಆಮೇಲೆ ಕರೆಂಟು ಕೊಟ್ಟರೆ ಇರುವುದೂ ಹೋಗುತ್ತದೆ. ನೆರಳಲ್ಲಿ ಸುಮ್ನೆ ಬಿಡಿ, ಸಾಕು.

ದೇವಸೂಗೂರು_2
ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ, 1720 ಮೆಗಾವ್ಯಾಟ್. ಆದರೂ ಬೇಸಿಗೆಯಲ್ಲಿ ಕರೆಂಟು ಇರುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಕೌಲ್_ಬಜಾರ್
ಅಲ್ಲಿಯ ಕರೆಂಟು ಗ್ರಿಡ್ಡಿಗೆ ಹೋಗುತ್ತದೆ ರೀ. ಓಣಿಯಲ್ಲಿ ಹೋಗುವುದು ಲೋಡ್ ಜಾಸ್ತಿಯಾಗಿ ಟಿಸಿ (ಟ್ರಾನ್ಸ್‌ಫಾರ್ಮರ್) ಬಿಸಿಯಾದಾಗ. ನನ್ನದು ನಾಲ್ಕು ಡಿಸ್ಕಿನ ಡಬ್ಬಿ. ಹಿಂದೆ ಎಕ್ಸಾಸ್ಟ್ ಫ್ಯಾನ್, ಮುಂದೆ ಕೆಂಪು ಧೂಳು ತಡೆಯಲು ತೊಳೆಯುವ ಫಿಲ್ಟರ್. ಮೇ ತಿಂಗಳಲ್ಲೂ ಡಿಸ್ಕ್ 44 ಡಿಗ್ರಿ ದಾಟಿಲ್ಲ. ಸೈನ್ ವೇವ್ ಇನ್ವರ್ಟರ್ (ಲೈನಿನ ಹಾಗೆ ನಯವಾದ ಕರೆಂಟು ಕೊಡುವುದು) ಇಲ್ಲದೆ ನ್ಯಾಸ್ ಇಡಲೇಬಾರದು.

ಗಂಗಾವತಿ_ಸಿಸ್ಟಮ್ಸ್
ಅಡಾಪ್ಟರ್ ಹೇಗೂ ಎಸಿಯನ್ನು ಡಿಸಿ ಮಾಡುತ್ತದೆ. ಒರಟು ಕರೆಂಟಿನ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೂ ನಡೆಯುತ್ತದೆ.

ಕೌಲ್_ಬಜಾರ್
ನಡೆಯುತ್ತದೆ, ಆದರೆ ಅಡಾಪ್ಟರ್ ಬಿಸಿಯಾಗಿ ಕಿರ್ ಅನ್ನುತ್ತದೆ. ಕೈ ಇಟ್ಟು ನೋಡಿದ್ದೀರಾ?

ಸಂಡೂರು_ಗುಡ್ಡ
ಇಬ್ಬರೂ ಆಮೇಲೆ ಮಾತಾಡಿಕೊಳ್ಳಿ. ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ, ಅದು ಮುಖ್ಯ. ಇನ್ನೊಂದು ಮೋಡಿನಲ್ಲಿ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ, ಅಷ್ಟರಲ್ಲಿ ಡಬ್ಬಿ ಆರುತ್ತದೆ. ರಾಯಚೂರಣ್ಣಾ, ಅಡಾಪ್ಟರ್ ಅದರದ್ದೇನಾ ಅಂತ ಕೇಳಿದ್ದೆ. ಲೇಬಲ್ ಓದಿ ಹೇಳಿ.

ಮದುವೆ_ಫೋಟೋ_ರಾಯಚೂರು
ಹಳೆಯದು ಮೂರು ವಾರದ ಹಿಂದೆ ಸುಟ್ಟಿತ್ತು. ಸಿಸಿ ಕ್ಯಾಮರಾದ ಅಡಾಪ್ಟರ್ ಹಾಕಿದ್ದೆ. ಪಿನ್ ಅದೇ, 12 ವೋಲ್ಟ್ ಅದೇ, ಅದಕ್ಕೇ ಹೇಳಲಿಲ್ಲ. ಲೇಬಲ್ಲಿನಲ್ಲಿ 3 ಆಂಪ್ ಇದೆ. ಸುಟ್ಟದ್ದರ ಮೇಲೆ 5 ಆಂಪ್.

ಸಂಡೂರು_ಗುಡ್ಡ
ಸಿಕ್ಕಿತು. 3.5 ಇಂಚಿನ ಒಂದು ಡಿಸ್ಕ್ ತಿರುಗಲು ಶುರು ಮಾಡುವ ಆ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ನಿಮ್ಮದು ಎರಡು, ಅಂದರೆ 4 ಆಂಪ್. ಈ ಅಡಾಪ್ಟರ್ 3 ಆಂಪಿನದ್ದು. ಮೊದಲು ಹೇಗೋ ಎತ್ತಿತು, ಸೆಕೆಗೆ ಸೊರಗಿತು. ಬರೀ ಅಡಾಪ್ಟರಿಗೆ ಮೀಟರ್ ಹಿಡಿದರೆ 12.1 ತೋರಿಸುತ್ತದೆ, ಲೋಡ್ ಬಿದ್ದಾಗ ಕುಸಿಯುತ್ತದೆ. ಡಿಸ್ಕಿನ ಮೇಲೆ 1, 2 ಅಂತ ಬರೆದು ಎರಡೂ ತೆಗೆಯಿರಿ. ಖಾಲಿ ಡಬ್ಬಿ ಆನ್ ಮಾಡಿ. ಲೈಟು ಆರದೆ ಉಳಿದರೆ ಬೋರ್ಡ್ ಹೆಚ್ಚುಕಡಿಮೆ ಚೆನ್ನಾಗಿದೆ ಅಂತಲೇ. ಡಿಸ್ಕನ್ನು ವಿಂಡೋಸಿಗೆ ಹಾಕಬೇಡಿ. ಅದು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ, ಕೈತಪ್ಪಿ ಒತ್ತಿದರೆ ಮೂರು ವರ್ಷ ಹೋಯಿತು.

ಮದುವೆ_ಫೋಟೋ_ರಾಯಚೂರು
ಖಾಲಿ ಡಬ್ಬಿಯಲ್ಲಿ ಲೈಟು ಆರದೆ ಉಳಿಯಿತು! ಸಂಜೆ 12 ವೋಲ್ಟ್ 5 ಆಂಪಿನ ಅಡಾಪ್ಟರ್ ತಂದೆ, ಪಿನ್ನಿನ ಪ್ಲಸ್ ಮೈನಸ್ ನೋಡಿ ಹಾಕಿದೆ. ಎರಡೂ ಡಿಸ್ಕ್ ಎದ್ದವು. ಫೋಲ್ಡರ್ ಎಲ್ಲ ಇವೆ. ಕೈ ಇನ್ನೂ ನಡುಗುತ್ತಿದೆ. ಆದರೆ ಅರ್ಧ ಗಂಟೆಗೇ 57 ಡಿಗ್ರಿ.

ಸಂಡೂರು_ಗುಡ್ಡ
ಎಲ್ಲಿಟ್ಟಿದ್ದೀರಿ ಅಂತಲೂ ಕೇಳಿದ್ದೆ.

ಮದುವೆ_ಫೋಟೋ_ರಾಯಚೂರು
ಮರದ ಕಪಾಟಿನಲ್ಲಿ, ಬಾಗಿಲು ಹಾಕಿ. ಧೂಳು ಬೇಡ ಅಂತ. ಹಿಂದೆ ಜಿನ್ನಿಂಗ್ ಮಿಲ್ ಇದೆ. ಈಗ ಆಫ್ ಮಾಡಿ ಫ್ಯಾನ್ ಬಿಚ್ಚಿದರೆ ರೆಕ್ಕೆಗಳ ಮೇಲೆ ಹತ್ತಿ ಎಳೆ ಕಂಬಳಿಯ ಹಾಗೆ ಮೆತ್ತಿದೆ. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಬಂತು. ಬ್ರಶ್ ಹಾಕಿ ತೆಗೆದೆ, ಡಬ್ಬಿ ಹೊರಗೆ ಸ್ಟೂಲಿನ ಮೇಲಿಟ್ಟೆ. ಈಗ 48.

ಕೌಲ್_ಬಜಾರ್
ನಾನು ಹೇಳಿದ ಫಿಲ್ಟರ್ ಹಾಕಿ. ಫೋಟೋ ಹಾಕುತ್ತೇನೆ.

ಮದುವೆ_ಫೋಟೋ_ರಾಯಚೂರು
ಹಾಕಿ ಅಣ್ಣಾ, ನೋಡುತ್ತೇನೆ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ಪಟ್ಟಿಯಲ್ಲಿ 2ನೇ ಡಿಸ್ಕಿಗೆ 197ರ ಎದುರು 8 ಅಂತ ಇದೆ. ಮಿರರ್ (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ) ಇದೆಯಲ್ಲ, ಪರವಾಗಿಲ್ಲ ಅಲ್ವಾ?

ಸಂಡೂರು_ಗುಡ್ಡ
ಪರವಾಗಿಲ್ಲ ಅನ್ನುವ ಹಾಗಿಲ್ಲ. ಓದಲು ಆಗದೆ ಬಾಕಿ ಉಳಿದ ಸೆಕ್ಟರ್ ಅವು. ಮಿರರ್ ಅಂದರೆ ಬ್ಯಾಕಪ್ ಅಲ್ಲ, ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ರಿಪೇರಿ, ಸ್ಕ್ಯಾನ್ ಏನೂ ಈಗ ಒತ್ತಬೇಡಿ, ಡಿಸ್ಕ್ ಗಂಟೆಗಟ್ಟಲೆ ಬಿಸಿಯಾಗುತ್ತದೆ. ಮೊದಲು ಬೇರೆ ಡಿಸ್ಕಿಗೆ ಕಾಪಿ. ರಾತ್ರಿ ತಂಪಿನಲ್ಲಿ ಮಾಡಿ.

ಗಂಗಾವತಿ_ಸಿಸ್ಟಮ್ಸ್
ಹಳೆ ಅಡಾಪ್ಟರ್ ಸುಟ್ಟಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ವೋಲ್ಟೇಜ್.

ಮದುವೆ_ಫೋಟೋ_ರಾಯಚೂರು
ರಾತ್ರಿ 11ಕ್ಕೆ ಕಾಪಿ ಹಚ್ಚಿದೆ. ಭಾನುವಾರದ ಮದುವೆ ಮೊದಲು. 45 ಡಿಗ್ರಿ. ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದೇನೆ.